ಅಣ್ಣನ ತೋಟದೊಳಗಿನ ನೀಲಿ ಗೆರೆ

ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳಿ ಪೊರಕೆಕಡ್ಡಿ ತೆಗೆಯುತ್ತಿದ್ದೆ. ತುಮಕೂರಿನಿಂದ ನನ್ನ ಮಗಳ ಮಗಳು ಬಂದಳು. ಹೆಗಲಿಗೆ ಉದ್ದನೆಯ ಪ್ಲಾಸ್ಟಿಕ್ ಕೊಳವೆಯೊಂದನ್ನು ನೇತುಹಾಕಿಕೊಂಡಿದ್ದಳು.

"ಏನೇ ಇದು, ಬಂದೂಕಾ?" ಅಂದೆ.

"ನಿಮ್ಮೂರು ಅಜ್ಜಿ. ನಿಮ್ಮೂರ್ನೇ ಸುತ್ಕೊಂಡು ಹೆಗಲಿಗೆ ಹಾಕ್ಕೊಂಡ್ ಬಂದಿದೀನಿ."

ಈ ಹುಡುಗಿ ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ. ತುಮಕೂರಿನಲ್ಲಿ ಭೂಮಿ ಅಳೆಯುವ ಓದು ಓದಿ, ಅಲ್ಲೇ ಕೆರೆ ಕಾಲುವೆ ರಿಪೇರಿ ಮಾಡಿಸುವ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮೂರು ಕಾಲಿನ ಮೇಲೆ ನಿಲ್ಲುವ ಯಂತ್ರ ಇಟ್ಟುಕೊಂಡು, ತಲೆಗೆ ಟೋಪಿ, ಕಾಲಿಗೆ ಬೂಟು ಹಾಕಿಕೊಂಡು ಕೆರೆ ಏರಿಯ ಮೇಲೆ ಓಡಾಡುತ್ತಾಳೆ. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಮನೆಯಲ್ಲಿ ಎಳಗರು ನೋಡಿಕೊಳ್ಳಲು ಆಳಿರಲಿಲ್ಲ, ನನ್ನನ್ನು ಇರಿಸಿಕೊಂಡರು. ಅದಕ್ಕೆ ಬೇಸರವೇನೂ ಇಲ್ಲ. ಆದರೆ ಇವಳು ಆ ಬೂಟು ಹಾಕಿಕೊಂಡು ನಮ್ಮ ಬೀದಿಯಲ್ಲಿ ನಡೆದಾಗ ಯಾರಾದರೂ "ಯಾರಮ್ಮ ಈ ಹುಡ್ಗಿ?" ಅಂತ ಕೇಳಲಿ ಎಂದು ಕಾಯುತ್ತಾ ಇರುತ್ತೇನೆ. ಕೇಳಿದರೆ ನನ್ನ ಗಂಟಲು ಎದುರು ಬೀದಿಗೂ ಕೇಳಿಸುತ್ತದೆ.

ಕೊಳವೆಯೊಳಗಿಂದ ಅಗಲವಾದ ಕಾಗದ ತೆಗೆದು ನಡುಮನೆಯ ನೆಲದ ಮೇಲೆ ಹಾಸಿದಳು. ಸುರುಳಿ ಸುತ್ತಿಕೊಳ್ಳುತ್ತಿತ್ತು. ಒಂದು ಮೂಲೆಗೆ ಚೊಂಬು, ಇನ್ನೊಂದಕ್ಕೆ ಸೇರು, ಮತ್ತೊಂದಕ್ಕೆ ನನ್ನ ಕುಡುಗೋಲು, ಕೊನೆಯದಕ್ಕೆ ಅವಳ ಫೋನು ಇಟ್ಟಳು. ಅದು ಹಳೇ ನಕ್ಷೆಯ ನಕಲಂತೆ. ನಾನು ಹುಟ್ಟಿದ ಆಸುಪಾಸಿನಲ್ಲಿ ಸರ್ವೆಯವರು ಊರೂರು ನಡೆದು ಬರೆದದ್ದಂತೆ. ಉತ್ತು ಬಿತ್ತುವ ನೆಲಕ್ಕೆ ಹಳದಿ, ಮನೆಗಳಿಗೆ ಕೆಂಪು, ನೀರಿಗೆ ನೀಲಿ. ಇಡೀ ಹಾಳೆಯ ಮೇಲೆ ಹೆಬ್ಬೆಟ್ಟಿನ ಗುರುತಿನ ಹಾಗೆ ಸಣ್ಣ ಸಣ್ಣ ಕಂದು ಗೆರೆಗಳು.

"ನಮ್ಮೂರೆಲ್ಲೇ ಇದ್ರಲ್ಲಿ?"

"ಇಲ್ಲಿ ಅಜ್ಜಿ, ಈ ಕೆಂಪು ಚುಕ್ಕಿಗಳು."

"ಇಷ್ಟೇನಾ? ನಮ್ಮನೆ ತಿಪ್ಪೆನೇ ಇದ್ಕಿಂತ ದೊಡ್ಡದಾಗೈತೆ."

ಒಳಗಿದ್ದ ಸೊಸೆ ನಕ್ಕಳು. ನಮ್ಮ ಯಜಮಾನರು ಮೂಲೆಯ ಮಂಚದಿಂದ ಕತ್ತು ಚಾಚಿ ನೋಡಿ, ಏನೂ ಅರ್ಥವಾಗದೆ ಮತ್ತೆ ಒರಗಿಕೊಂಡರು. ಅಕ್ಷರವೆಲ್ಲ ಇಂಗ್ಲಿಷಿನಲ್ಲಿತ್ತು. ನನಗೂ ಮೊದಲು ಏನೂ ತಿಳಿಯಲಿಲ್ಲ. ಆದರೆ ದೊಡ್ಡ ಕೆರೆಯನ್ನು ಮಾತ್ರ ಯಾರೂ ಹೇಳದೆ ಗುರುತು ಹಿಡಿದೆ. ನನ್ನ ತವರೂರಿನ ಕೆರೆ ಅದು. ಏರಿ ಬಿಲ್ಲಿನ ಹಾಗೆ ಬಾಗಿದೆ, ಒಂದು ತುದಿಯಲ್ಲಿ ಕೋಡಿ, ನಡುವೆ ತೂಬು. ತೂಬಿನ ಮೇಲೆ ಬೆರಳಿಟ್ಟೆ. ಅಲ್ಲಿಂದ ಕೂದಲೆಳೆಯಷ್ಟು ನೀಲಿ ಗೆರೆಯೊಂದು ಹೊರಟಿತ್ತು. ಅದರ ಮೇಲೆ ಬೆರಳು ಸರಿಸುತ್ತಾ ಹೋದೆ.

ಆ ಗೆರೆಯ ಮೇಲೆ ನಾನು ಬರಿಗಾಲಲ್ಲಿ ನಡೆದಿದ್ದೇನೆ. ಗದ್ದೆಯಲ್ಲಿದ್ದ ಅಪ್ಪನಿಗೆ ಮುದ್ದೆ ಮಜ್ಜಿಗೆ ಹೊತ್ತುಕೊಂಡು ಹೋಗುತ್ತಿದ್ದದ್ದು ಅದೇ ಕಾಲುವೆ ದಂಡೆಯ ಮೇಲೆ. ಗಾಡಿದಾರಿ ದಾಟುವ ಕಡೆ ಒಂದು ಚಪ್ಪಡಿ ಇತ್ತು, ಅದರ ಕೆಳಗೆ ಅಣ್ಣ ಏಡಿ ಹಿಡಿಯುತ್ತಿದ್ದ. ಮುಂದೆ ಹೊಂಗೆಮರದ ಸಾಲು, ಹೆಂಗಸರು ಬಟ್ಟೆ ಒಗೆಯುವ ಕಲ್ಲು. ಕಾಗದದಲ್ಲಿ ಚಪ್ಪಡಿಯೂ ಇರಲಿಲ್ಲ, ಏಡಿಯೂ ಇರಲಿಲ್ಲ. ಆದರೂ ನನ್ನ ಬೆರಳು ಅಲ್ಲಲ್ಲಿ ತಾನಾಗಿ ನಿಲ್ಲುತ್ತಿತ್ತು. "ಇಲ್ಲಿ ಚಪ್ಪಡಿ ಕಣೇ, ಇಲ್ಲಿ ಹೊಂಗೆಮರ" ಅಂತ ನಾನು ಹೇಳುತ್ತಿದ್ದರೆ ಹುಡುಗಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು.

ಆ ಕಾಲುವೆಯ ಮೇಲ್ತುದಿ ನನ್ನ ತವರು, ಕೆಳತುದಿ ನಾನು ಸೇರಿದ ಊರು. ಆಗ ಮೇಲಿನವರು ಕೆಳಗಿನವರಿಗೆ ಹೆಣ್ಣು ಕೊಡುತ್ತಿರಲಿಲ್ಲ. ಕೊನೇ ಮಡೆಗೆ, ಅಂದರೆ ಕಾಲುವೆಯಿಂದ ಗದ್ದೆಗೆ ನೀರು ಬಿಡುವ ಕೊನೇ ಬಾಯಿಗೆ, ನೀರು ತಲುಪಿದರೆ ತಲುಪಿತು, ಇಲ್ಲದಿದ್ದರೆ ಇಲ್ಲ. ಅಂಥ ಕಡೆ ಮಗಳನ್ನು ಯಾಕೆ ಕೊಡಬೇಕು ಎನ್ನುವುದು ಅವರ ಲೆಕ್ಕ. ನನ್ನ ಮದುವೆ ಮಾತಾದಾಗ ದೊಡ್ಡಪ್ಪ "ಎಲ್ಲಾ ಬುಟ್ಟು ಆ ಕೊನೇ ಮಡೆಗಾ ಕೊಡ್ತೀಯ?" ಅಂತ ಅಪ್ಪನನ್ನು ಹಂಗಿಸಿದನಂತೆ. ಅಪ್ಪ "ನಮ್ಮೂರ್ ನೀರು ಎಲ್ಲಿಗೋಯ್ತದೋ ಅಲ್ಲಿಗೇ ಓಗ್ತಾಳೆ ಬುಡು, ಬ್ಯಾರೆ ಊರಿಗೇನಲ್ಲವಲ್ಲ" ಅಂದನಂತೆ. ಗಾಡಿ ಕಾಲುವೆ ದಂಡೆಯಲ್ಲೇ ಬಂತು. ಅಪ್ಪ ಹೇಳಿದ್ದು ನಿಜವಾಯಿತು. ತವರಲ್ಲಿ ಹಬ್ಬವಾದರೆ ಮರುದಿನ ದೇವರ ಮೇಲಿನ ಬಾಡಿದ ಹೂವು ತೇಲಿಕೊಂಡು ನಮ್ಮ ಮಡೆಗೆ ಬರುತ್ತಿತ್ತು. ಅಪ್ಪನನ್ನು ನೆನೆಸಿಕೊಂಡರೆ ಈಗಲೂ ಕೈ ಮುಗಿಯುವಂತಾಗುತ್ತದೆ. ನನಗೆ ಒಳ್ಳೇ ಮನೆ ಸಿಕ್ಕಿತು, ಒಳ್ಳೇ ಗಂಡ ಸಿಕ್ಕಿದರು.

ಆಮೇಲೆ ಕೆರೆ ತುಂಬದ ವರ್ಷಗಳು ಬಂದವು. ಒಂದಲ್ಲ ಎರಡಲ್ಲ. ಕಾಲುವೆ ಒಣಗಿತು, ಅಲ್ಲಲ್ಲಿ ಮುಚ್ಚಿಕೊಂಡಿತು. ನಮ್ಮ ಗದ್ದೆಗಳು ಹೊಲಗಳಾದವು. ರಾಗಿ ಹಾಕಿದೆವು. ರಾಗಿ ನಮ್ಮನ್ನು ಕಾಪಾಡಿತು, ದೂರಬಾರದು. ಆದರೆ ಗದ್ದೆ ಬಯಲಿನ ನಡುವೆ ನಿಂತು ನಾಟಿ ಹಾಕಿದ ಹೆಣ್ಣಿಗೆ ಆ ಹಸಿರು ಮರೆಯುವುದಿಲ್ಲ. ಇತ್ತೀಚೆಗೆ ಹೇಮಾವತಿ ನೀರು ಬಿಟ್ಟು ಕೆರೆ ಕೋಡಿ ಹೋಯಿತು. ಕಾಲುವೆ ತೋಡಿಸುವ ಕೆಲಸವೂ ಬಂತು. ಇವಳ ಆಫೀಸಿಗೇ ಬಂತು.

ನೀಲಿ ಗೆರೆ ಒಂದು ಕಡೆ ಕುಡುಗೋಲಿನ ಹಾಗೆ ಬಾಗುತ್ತಿತ್ತು. ಹುಡುಗಿ ಅಲ್ಲಿ ನನ್ನ ಬೆರಳು ಹಿಡಿದು ನಿಲ್ಲಿಸಿದಳು.

"ಅಜ್ಜಿ, ಈ ತಿರುವಲ್ಲಿ ಈಗ ಕಾಲುವೆನೇ ಇಲ್ಲ. ತೆಂಗಿನ ತೋಟ ಇದೆ. ಯಾರದ್ದು ಗೊತ್ತಲ್ವಾ?"

ಗೊತ್ತಿಲ್ಲದೆ ಏನು. ನನ್ನ ಒಡಹುಟ್ಟಿದ ಅಣ್ಣನದು.

"ನಮ್ ಸಾಹೇಬ್ರು ಕುಣಿಗಲ್ ತಾಲ್ಲೂಕು ಆಫೀಸಿಂದ ನೋಟಿಸ್ ಕೊಡ್ಸೋಣ ಅಂತಿದಾರೆ. ಸ್ವಲ್ಪ ತಡೀರಿ ಸಾರ್ ಅಂದಿದೀನಿ."

"ನೋಟಿಸ್ ಕೊಟ್ರೆ ಏನಾಯ್ತದೆ?"

"ತಾತಂಗೆ ಸಿಟ್ಟು ಬಂದು ಕೋರ್ಟಿಗೆ ಹೋದ್ರೆ ಮುಗೀತು. ಈ ವರ್ಷನೂ ಇಲ್ಲ, ಮುಂದಿನ ವರ್ಷನೂ ಇಲ್ಲ. ಗೌರಿಹಬ್ಬ ಕಳೆದ ಮೇಲೆ ತೂಬು ಎತ್ತುತಾರೆ. ಅಷ್ಟರೊಳಗೆ ತಿರುವು ಬಿಡಿಸ್ಲಿಲ್ಲ ಅಂದ್ರೆ ನಿಮ್ಮೂರನ್ನ ಬಿಟ್ಟು ಕೆಲಸ ಮುಗಿಸಿಬಿಡ್ತಾರೆ ಅಜ್ಜಿ. ಆಮೇಲೆ ಕೊನೇ ಮಡೆ ಕಡೆ ಯಾರೂ ತಿರುಗಿ ನೋಡಲ್ಲ."

ಯಜಮಾನರು ಮಂಚದ ಮೇಲೆ ಎದ್ದು ಕೂತರು. "ಬ್ಯಾಡ ಕಣೇ. ಇಷ್ಟ್ ವರ್ಸ ರಾಗಿ ತಿಂದ್ಕಂಡು ಇದೀವಿ, ಇನ್ನೂ ತಿನ್ನಣ. ಇರೋನು ಒಬ್ಬ ಅಣ್ಣ ನಿಂಗೆ."

ಅವರು ಹೇಳಿದ್ದು ಸರಿಯೇ. ಮದುವೆಯಾಗಿ ಹೋದ ಹೆಣ್ಣು ತವರಿಗೆ ಹೋಗಿ ಜಾಗದ ಮಾತೆತ್ತಿದರೆ ಊರು ಏನೆನ್ನುತ್ತದೆಂದು ನನಗೆ ಗೊತ್ತು. ಎಷ್ಟೋ ಮನೆಗಳಲ್ಲಿ ಅಲ್ಲಿಗೇ ಅಣ್ಣ ತಂಗಿಯ ಬಾಗಿನ ನಿಂತುಹೋಗಿದೆ. ನೀರು ಬೇಕೆಂದರೆ ತವರು ಹೋಗುತ್ತದೆ, ತವರು ಬೇಕೆಂದರೆ ನಮ್ಮೂರಿನ ಬಯಲೆಲ್ಲ ಒಣಗಿಕೊಂಡೇ ಇರುತ್ತದೆ. ನನಗೆ ಎರಡೂ ಬೇಕಾಗಿತ್ತು. ಆದರೆ ಅಣ್ಣನ ಕೈಗೆ ನೋಟಿಸು ಹೋಗುವುದನ್ನು ನೋಡಿಕೊಂಡು ಕೂರುವುದು ಮಾತ್ರ ನನ್ನಿಂದಾಗುತ್ತಿರಲಿಲ್ಲ.

"ನಿಮ್ ಸಾಹೇಬ್ರಿಗೆ ಹೇಳು, ನೋಟಿಸ್ ಬ್ಯಾಡ. ನಾನೇ ಹೋಗ್ತೀನಿ," ಅಂದೆ.

ಮಾರನೇ ದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ಅಮೃತೂರಿನಲ್ಲಿ ಬಸ್ಸು ಬದಲಾಯಿಸುವಾಗ ಬಾಳೆಹಣ್ಣು ತೆಗೆದುಕೊಂಡೆವು. ತವರಿನ ಬಾಗಿಲಲ್ಲಿ ಅತ್ತಿಗೆ ರಾಗಿ ಕೇರುತ್ತಾ ಕೂತಿದ್ದಳು. ನನಗಿಂತ ಒಂದಿಷ್ಟು ದೊಡ್ಡವಳು, ಆದರೆ ನಾಲಿಗೆಗೆ ಇನ್ನೂ ವಯಸ್ಸಾಗಿಲ್ಲ.

"ಓಹೋಹೋ, ಹಬ್ಬ ಇನ್ನೂ ಎಲ್ಲೋ ಐತೆ, ಇವ್ಳು ಆಗ್ಲೇ ಬಾಗಿನ ವಸೂಲಿಗೆ ಬಂದವ್ಳೆ!"

"ನಿನ್ ಕೈ ಕಾಫಿ ಕುಡ್ದು ಬಾಯಿ ಕೆಡಿಸ್ಕಂಡು ಹೋಗಣ ಅಂತ ಬಂದೆ ಅತ್ಗೆ."

"ಕೆಡ್ಸಣ ಬುಡು, ಹಾಲಿಗೇನು ಬರ ಇಲ್ಲ. ಈ ಮಗ ಯಾಕೆ ಡ್ರಿಪ್ ಪೈಪ್ ಹೊತ್ಕಂಡು ಬಂದೈತೆ?"

ಅಣ್ಣ ಹಿತ್ತಲಿಂದ ಬಂದ. ಹಣೆಗೆ ವಿಭೂತಿ, ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ. ನನ್ನ ತಲೆಯೆಲ್ಲ ಬೆಳ್ಳಗಾಗಿದೆ, ಆದರೂ ಅವನಿಗೆ ನಾನು "ಕೂಸು". ಕಾಫಿಯಾದ ಮೇಲೆ ಹುಡುಗಿ ಮಂಚದ ಮೇಲೆ ನಕ್ಷೆ ಬಿಚ್ಚಿದಳು. ಅಣ್ಣ ಕೆರೆ ನೋಡಿದ, ಏರಿ ನೋಡಿದ, ಆಮೇಲೆ ಹಾಳೆಯ ಮೇಲೆಲ್ಲ ಬಗ್ಗಿ ಹುಡುಕಿದ.

"ನನ್ ತ್ವಾಟ ಎಲ್ಲವ್ವಾ?"

"ತಾತ, ಇದು ಹಳೇದು. ಆಗ ನಿಮ್ ತೋಟ ಇರ್ಲಿಲ್ಲ."

"ನಮ್ಮಪ್ಪ ಇದ್ನಲ್ಲ?"

"ಇದ್ರು ತಾತ."

"ಮತ್ತೆ ಅವ್ನೆಲ್ಲಿ?"

ಅತ್ತಿಗೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡ್ರಿ, ಇವ್ರು ನಕ್ಷೇಲಿ ಅಪ್ಪನ್ನ ಹುಡುಕ್ತಾವ್ರೆ!"

ಹುಡುಗಿ ನಗಲಿಲ್ಲ. ಏರಿಯ ಪಕ್ಕದ ಒಂದು ಕೆಂಪು ಚುಕ್ಕಿ ತೋರಿಸಿ, "ನಿಮ್ ಮನೆ ಇಲ್ಲೇ ಬರುತ್ತೆ ತಾತ. ಇದರೊಳಗೇ ಇದ್ದಿರ್ಬೇಕು," ಅಂದಳು. ಅಣ್ಣ ಆ ಚುಕ್ಕಿಯ ಮೇಲೆ ಬೆರಳಿಡಲಿಲ್ಲ. ಪಕ್ಕದಲ್ಲಿ ಉಗುರಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಅಲ್ಲಿಂದ ತಾನೇ ನೀಲಿ ಗೆರೆ ಹಿಡಿದು ಬಂದ. ತಿರುವಿಗೆ ಬಂದಾಗ ಅವನಿಗೂ ತಿಳಿಯಿತು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, "ಬನ್ನಿ," ಅಂತ ಎದ್ದ.

ತೋಟಕ್ಕೆ ಕರೆದುಕೊಂಡು ಹೋದ. ಅಷ್ಟು ಚೊಕ್ಕಟವಾದ ತೋಟ ಆ ಸೀಮೆಯಲ್ಲಿಲ್ಲ. ಸಾಲುಗಳೆಲ್ಲ ನೂಲು ಹಿಡಿದ ಹಾಗೆ ನೇರ. ನಡುವೆ ಒಂದು ಸಾಲು ಮಾತ್ರ ಕುಡುಗೋಲಿನ ಹಾಗೆ ಬಾಗಿಕೊಂಡು ಹೋಗುತ್ತದೆ. ಆ ಸಾಲಿನ ಮರಗಳೇ ಎಲ್ಲಕ್ಕಿಂತ ದಪ್ಪ, ಅವುಗಳ ಕಾಯಿಯೇ ಎಲ್ಲಕ್ಕಿಂತ ದೊಡ್ಡದು. ಗಿಡ ಇಟ್ಟ ಹೊಸದರಲ್ಲಿ "ಆ ಸಾಲು ಇಟ್ಟ ದಿನ ಯಜಮಾನ್ರು ಒಂಚೂರು ಹಾಕ್ಕಂಡಿದ್ರು" ಅಂತ ಊರವರು ತಮಾಷೆ ಮಾಡುತ್ತಿದ್ದರು. ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ ಅಣ್ಣ.

"ಕಾಲ್ವೆ ಒಣಗಿತ್ತು ಕೂಸೇ," ಅಂದ. "ಕೆರೆನೇ ಬಿರುಕು ಬುಟ್ಟಿತ್ತಲ್ಲ. ಕಾಲ್ವೆ ತುಂಬಾ ಗೋಡು, ಬೆಣ್ಣೆ ಅಂಗಿತ್ತು. ಗುಂಡಿ ತೋಡೋ ಕೆಲ್ಸಾನೂ ಇರ್ಲಿಲ್ಲ. ಇಟ್ಟುಬುಟ್ಟೆ. ನೀರೇ ಇಲ್ದಿದ್ ಮ್ಯಾಕೆ ಇದು ಯಾರಿಗೆ ಬೇಕು ಅನ್ಕಂಡೆ. ಮತ್ತೆ ನೀರು ಬತ್ತದೆ ಅಂತ ಯಾರಿಗ್ ಗೊತ್ತಿತ್ತು?"

ಅವನು ಕದ್ದವನಲ್ಲ. ಕೆರೆಯ ಗೋಡುಮಣ್ಣು ಕಂಡ ಕಡೆ ತೆಂಗು ಇಡದ ಕೈ ನಮ್ಮ ಸೀಮೆಯಲ್ಲಿ ಯಾವುದಿದೆ? ಅವನ ಜಾಗದಲ್ಲಿ ನಮ್ಮ ಯಜಮಾನರಿದ್ದರೂ ಅದನ್ನೇ ಮಾಡುತ್ತಿದ್ದರು.

"ಪಕ್ಕಕ್ಕೆ ತಿರುಗ್ಸಕ್ಕೆ ಆಗಲ್ವಾ ಮಗಾ?" ಅಂತ ಹುಡುಗಿಯನ್ನು ಕೇಳಿದ.

ಹುಡುಗಿ ನಕ್ಷೆಯನ್ನು ಒಂದು ಮರದ ಬೊಡ್ಡೆಗೆ ಆನಿಸಿ ಹಿಡಿದು ಕಂದು ಗೆರೆ ತೋರಿಸಿದಳು. "ಈ ಗೆರೆ ಮೇಲೆ ನಡೆದ್ರೆ ನೀವು ಹತ್ತೋದೂ ಇಲ್ಲ ತಾತ, ಇಳಿಯೋದೂ ಇಲ್ಲ. ಒಂದೇ ಎತ್ತರ. ಕಾಲುವೆ ನೋಡಿ, ಇದ್ರ ಜೊತೇಲೇ ಒಂಚೂರೊಂಚೂರೇ ಇಳ್ಕೊಂಡು ಹೋಗಿದೆ. ಆ ಕಡೆ ಮಾಡಿದ್ರೆ ದಿಣ್ಣೆ, ನೀರು ಹತ್ತಲ್ಲ. ಈ ಕಡೆ ಮಾಡಿದ್ರೆ ಹಳ್ಳಕ್ಕೆ ಓಡಿಹೋಗುತ್ತೆ."

ಅಣ್ಣ ನಕ್ಷೆ ನೋಡಿದ, ನೆಲ ನೋಡಿದ. "ಅಂಗಾರೆ ಇದ್ನ ತೋಡ್ದೋರು ನೀರಿನ ಕೈ ಹಿಡ್ಕಂಡು ನಡ್ಸ್ಕಂಡ್ ಹೋಗವ್ರೆ," ಅಂದ.

"ಬೇಕಾದ್ರೆ ಪೈಪ್ ಹಾಕ್ಬೋದು ತಾತ. ಸಾಲಿನ ಪಕ್ಕದಲ್ಲೇ ಆಳ ತೆಗ್ದು ನೆಲದೊಳಗೆ ಹಾಕಿದ್ರೆ ಮರ ಉಳಿಯುತ್ತೆ."

ನನಗೆ ಜೀವ ಬಂದ ಹಾಗಾಯಿತು. ಆದರೆ ಅಣ್ಣನೇ ತಲೆಯಾಡಿಸಿಬಿಟ್ಟ. "ಆಗಕಿಲ್ಲ ಕಣವ್ವಾ. ಗರಿ ಬತ್ತದೆ, ಗೋಡು ಬತ್ತದೆ, ಒಂದೇ ಮಳೆಗೆ ಕಟ್ಕತದೆ. ತೆಂಗಿನ ಬೇರು ಪೈಪ್ ಬಿಡ್ತದಾ? ನೆಲದೊಳ್ಗೆ ಕಟ್ಕಂಡ್ರೆ ಯಾರು ಕೈ ಹಾಕಿ ತೆಗೆಯೋರು? ಕೆಳಗ್ಲೋರಿಗೆ ನೀರು ಕೊಟ್ಟಂಗೆ ಆಟ ಆಡ್ದಂಗಾಯ್ತದೆ."

ಬೇಕಾಗಿದ್ದರೆ ಹೂಂ ಅಂದು ಮರ ಉಳಿಸಿಕೊಳ್ಳಬಹುದಾಗಿತ್ತು. ಅವನಿಗೆ ಅದು ಹೊಳೆಯಲೇ ಇಲ್ಲ. ಹಾಗೆ ಅಂದವನೇ ಮೇಲೆ ಗೊನೆಗಳ ಕಡೆ ನೋಡುತ್ತಾ ನಿಂತ. ಆಮೇಲೆ ನನ್ನ ಕಡೆ ತಿರುಗಿದ.

"ಬಾಯ್ ಬುಟ್ಟು ಏನೂ ಅನ್ನಲ್ವಲ್ಲ ನೀನು?"

"ಏನಂದೇನು ಅಣ್ಣ. ಯಾರೋ ಬಂದು ಹೇಳೋದ್ಕಿಂತ ನಾನೇ ಬರಣ ಅನ್ನಿಸ್ತು. ನಿಂಗೆ ಆಗಲ್ಲ ಅಂದ್ರೆ ಬ್ಯಾಡ. ಆದ್ರೆ ಹಬ್ಬಕ್ಕೆ ಮಾತ್ರ ಬರ್ಬೇಕು. ಬರಿಗೈಲಾದ್ರೂ ಬರ್ಬೇಕು."

ಅಣ್ಣ ಬಗ್ಗಿದ. ಬಿದ್ದಿದ್ದ ಒಂದು ಸೋಗೆ ಎಳೆದುಕೊಂಡು ಹೋಗಿ ಬದುವಿನ ಮೇಲೆ ಹಾಕಿದ.

ಹೊರಡುವಾಗ ಅತ್ತಿಗೆ ಕುಂಕುಮ ಕೊಟ್ಟು ಮಡಿಲು ತುಂಬಿದಳು. ತುಂಬುತ್ತಲೇ ತಗ್ಗಿದ ದನಿಯಲ್ಲಿ, "ಅಣ್ಣನ್ನ ಕೇಳ್ದೆ, ಸರಿ. ಕೆರೆ ಒಣಗಿದ್ ಕಾಲ್ದಾಗೆ ಆ ಸಾಲಿಗೆ ಬಿಂದಿಗೇಲಿ ನೀರು ಹೊತ್ತು ಹುಯ್ದೋಳು ಯಾರು? ನನ್ನೊಂದ್ ಮಾತು ಕೇಳಿದ್ಯಾ?" ಅಂದಳು.

ನಿಜವಾಗಿ ನನಗದು ಹೊಳೆದಿರಲಿಲ್ಲ. ಕೊಳವೆಬಾವಿಯಿಂದ ತೋಟದವರೆಗೆ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಎಷ್ಟು ಬೇಸಿಗೆ ಓಡಾಡಿದ್ದಳೋ. "ತಪ್ಪಾಯ್ತು ಅತ್ಗೆ, ಈಗ ಕೇಳ್ತೀನಿ," ಅಂದೆ.

"ಈಗ ಬ್ಯಾಡ. ಬಸ್ ಬತ್ತದೆ ಹೋಗು," ಅಂದಳು.

ಹಬ್ಬದವರೆಗಿನ ದಿನಗಳು ಉದ್ದವಾದವು. ತವರಿನಿಂದ ಒಂದು ಫೋನೂ ಬರಲಿಲ್ಲ. ಮಗ ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ಬೋರ್‌ವೆಲ್ ಇದ್ದವರ ಹತ್ತಿರ ಒಂಚೂರು ನೀರು ಕೇಳಿ ಭತ್ತದ ಪೈರಿಗೆ ಒಟ್ಲು ಬಿಟ್ಟಿದ್ದ. "ಬಂದ್ರೆ ನಾಟಿ ಹಾಕಣ, ಬರ್ದಿದ್ರೆ ದನಕ್ಕೆ ಹಾಕಣ" ಎನ್ನುತ್ತಿದ್ದ. ಆ ಪುಟ್ಟ ಪಾತಿಯ ಎಳೇ ಹಸಿರನ್ನು ನಾನು ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದೆ.

ಗೌರಿಹಬ್ಬದ ದಿನ ಅಣ್ಣ ಯಾವಾಗಲೂ ಹೊತ್ತೇರುವ ಮೊದಲೇ ಬರುತ್ತಿದ್ದ. ಅವತ್ತು ಮಧ್ಯಾಹ್ನವಾದರೂ ಸುಳಿವಿಲ್ಲ. ಹುಡುಗಿ ಗುಬ್ಬಿಯಿಂದ ಅವರಮ್ಮನ ಜೊತೆ ಬಂದಿದ್ದಳು. ಎಲ್ಲರಿಗೂ ಊಟ ಬಡಿಸಿದೆ. ಅಣ್ಣನಿಗೆ ಅಂತ ಒಬ್ಬಟ್ಟು ತೆಗೆದು ಮುಚ್ಚಿಟ್ಟೆ. ಮತ್ತೆ ಬಾಗಿಲಿಗೆ ಹೋಗಿ ಬೀದಿ ನೋಡಿ ಬಂದೆ.

"ಬರ್ತಾನೆ ಬುಡು," ಅಂದರು ಯಜಮಾನರು.

"ಬರ್ದಿದ್ರೆ?"

"ಬರ್ದಿದ್ರೆ ನಾಳಿಕ್ಕೆ ನಾನೇ ಹೋಗಿ ಕರ್ಕಬತ್ತೀನಿ. ಭಾವಮೈದ ಅವ್ನು ನಂಗೆ, ನಿಂಗೊಬ್ಳಿಗೇ ಅಣ್ಣನಾ?"

ನಕ್ಕುಬಿಟ್ಟೆ. ಐವತ್ತು ವರ್ಷಕ್ಕಿಂತ ಮೇಲಾಯಿತು ಈ ಮನುಷ್ಯನ ಜೊತೆ, ಇಂಥ ಮಾತು ಯಾವಾಗ ಆಡಬೇಕೆಂದು ಇವರಿಗೆ ಹೇಗೆ ತಿಳಿಯುತ್ತದೋ.

ಹೊತ್ತು ಇಳಿಯುವಾಗ ಬಾಗಿಲಿಗೆ ಒಂದು ಆಟೋ ಬಂದು ನಿಂತಿತು. ಮೊದಲು ಅತ್ತಿಗೆ ಇಳಿದಳು, ಹಿಂದೆ ಅಣ್ಣ. ಹಬ್ಬದ ಪಂಚೆಯೇನೋ ಉಟ್ಟಿದ್ದ, ಆದರೆ ತಲೆಗೂದಲಲ್ಲಿ, ಕಿವಿಯ ಮೇಲೆಲ್ಲ ಮರದ ಹೊಟ್ಟು. ಅತ್ತಿಗೆಯ ಕೈಯಲ್ಲಿ ಮೊರದ ಬಾಗಿನ. ಬಳೆ, ಅರಿಶಿನ, ಕುಂಕುಮ, ರವಿಕೆ ಕಣ, ಬೇಳೆ, ಬೆಲ್ಲ, ಎಲ್ಲಾ ಪ್ರತಿ ವರ್ಷದ ಹಾಗೇ. ಅದರ ಮೇಲೆ ಬಾಳೆ ಎಲೆಯಲ್ಲಿ ಸುತ್ತಿದ್ದ ದಪ್ಪನೆಯ ಗಂಟೊಂದು ಹೊಸದು.

ಸೆರಗೊಡ್ಡಿ ಬಾಗಿನ ತೆಗೆದುಕೊಂಡೆ. ಎಲೆ ಬಿಚ್ಚಿದೆ. ಹಾಲಿನಷ್ಟು ಬೆಳ್ಳಗೆ, ತಣ್ಣಗೆ, ಮಗುವಿನ ತೊಡೆಯ ಹಾಗಿತ್ತು.

"ಇದೇನಜ್ಜಿ, ಪನೀರಾ?" ಅಂದಳು ಹುಡುಗಿ.

ಅದು ತೆಂಗಿನ ಸುಳಿ. ಮರದ ತಲೆಯೊಳಗೆ, ಹೊಸ ಗರಿ ಹುಟ್ಟುವ ಜಾಗದಲ್ಲಿರುವ ತಿರುಳು. ಅಷ್ಟು ಸಿಹಿ ತಿನಿಸು ಇನ್ನೊಂದಿಲ್ಲ, ಆದರೆ ನಮ್ಮಲ್ಲಿ ಅದನ್ನು ತಿನ್ನುವುದು ಎಲ್ಲೋ ಬಿರುಗಾಳಿಗೆ ಮರ ಉರುಳಿದಾಗ. ಮರ ಬೀಳದೆ ಸುಳಿ ಕೈಗೆ ಸಿಗುವುದಿಲ್ಲ. ಅವತ್ತು ಗಾಳಿಯೇ ಇರಲಿಲ್ಲ.

ಅತ್ತಿಗೆಯೇ ಮಾತಾಡಿದಳು. "ಹಿಂಗ್ ನೋಡ್ಬ್ಯಾಡ. ಈವಯ್ಯ ದಿನಾ ಹೋಗಿ ಮರದ ಕೆಳ್ಗೆ ನಿಂತ್ಕಳದು, ವಾಪಸ್ ಬರೋದು. ಊಟ ಬುಟ್ಟ, ಮಾತು ಬುಟ್ಟ. ನಂಗೆ ಸಾಕಾಗೋಯ್ತು. ಇವತ್ತು ಬೆಳಗ್ಗೆ ನಾನೇ ಒಂದೊಂದ್ ಮರಕ್ಕೂ ಅರಿಸ್ನ ಕುಂಕ್ಮ ಇಟ್ಟು, 'ನಿಮ್ಗೆ ನೀರ್ ಹುಯ್ದೋಳು ನಾನು, ಈಗ ನೀರಿಗೆ ದಾರಿ ಬುಡ್ರವ್ವಾ' ಅಂತ ಕೇಳ್ಕಂಡೆ. ಆಮ್ಯಾಕೆ ಆಳು ಕರ್ಸ್ದೆ. ಮರ ಕೇಳಿದ್ದು ನಾನು. ಈ ವರ್ಸದ ಬಾಗಿನ ನಂದು, ನಿಮ್ಮಣ್ಣಂದಲ್ಲ."

ಅವಳ ಕಾಲಿಗೆ ಬಗ್ಗಲು ಹೋದೆ. "ಬುಡೇ, ಸೊಂಟ ಹಿಡ್ಕಂಡ್ರೆ ಎತ್ತೋರು ಯಾರು?" ಅಂತ ರೆಟ್ಟೆ ಹಿಡಿದು ನಿಲ್ಲಿಸಿದಳು. ಇಬ್ಬರೂ ಅತ್ತೆವು, ಇಬ್ಬರೂ ನಕ್ಕೆವು. ಅಣ್ಣ ಕುಡುಗೋಲಿನಿಂದ ಸುಳಿಯನ್ನು ಹೋಳು ಮಾಡಿ ಮೊದಲ ಹೋಳನ್ನು ಹುಡುಗಿಯ ಕೈಗೆ ಕೊಟ್ಟ.

"ಇದು ಪನೀರಲ್ಲ ಕಣವ್ವಾ, ನಿನ್ ಕಾಲ್ವೆ. ತಿನ್ನು. ಬೊಡ್ಡೆ ಎಲ್ಲಾ ಅಂಗೇ ಅವೆ, ಅದ್ಕೆ ಜೆಸಿಬಿ ಬೇಕು. ನಿಮ್ ಸಾಹೇಬಂಗೆ ಹೇಳಿ ನಾಳಿಕ್ಕೇ ಕಳ್ಸು. ಒಂದಿನ ತಡ ಮಾಡಿದ್ರೂ ನಾನು ಮನ್ಸು ಬದ್ಲಾಯ್ಸಿಬುಡ್ತೀನಿ."

ಬದಲಾಯಿಸುತ್ತಿರಲಿಲ್ಲ. ಒಬ್ಬಟ್ಟಿಗೆ ತುಪ್ಪ ಸಾಲದು ಅಂತ ಎರಡು ಸಲ ಬೈದು, ನಾನು ಮುಚ್ಚಿಟ್ಟಿದ್ದನ್ನೆಲ್ಲ ಉಂಡ.

ತೂಬು ಎತ್ತಿದ ದಿನ ಊರಿಗೆ ಊರೇ ಕಾಲುವೆ ದಂಡೆಯ ಮೇಲಿತ್ತು. ನೀರು ಬಿಡುವ ನೀರಗಂಟಿ ಮೋಟಾರುಬೈಕಿನಲ್ಲಿ ನೀರಿನ ಜೊತೆಜೊತೆಗೇ ಬರುತ್ತಾ ಫೋನಿನಲ್ಲಿ ಹೇಳುತ್ತಿದ್ದ. ಚಪ್ಪಡಿ ದಾಟ್ತು, ತಿರುವಿಗೆ ಬಂತು, ತಿರುವಲ್ಲಿ ಒಂದ್ ಗಳಿಗೆ ನಿಂತ್ಕತು, ಈಗ ಹೊರಡ್ತು. ನೀರು ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯಿತು, ಒಣಗಿದ ತರಗೆಲೆ ಚರಚರ ಅನ್ನುವ ಸದ್ದು. ಆಮೇಲೆ ಕೆಂಚಗೆ, ನೊರೆ ಕಟ್ಟಿಕೊಂಡು, ಕಸಕಡ್ಡಿ ನೂಕಿಕೊಂಡು, ಹಸುಗೂಸು ಅಂಬೆಗಾಲಿಡುವಷ್ಟು ನಿಧಾನವಾಗಿ ಬಂತು. ನಮ್ಮ ಮಡೆಯೊಳಗೆ ಕಾಲಿಟ್ಟುಕೊಂಡು ನಿಂತಿದ್ದೆ. ಪಾದ ಮುಟ್ಟಿತು. ಅತ್ತೆ ಅಲ್ಲಿ ಕುಣಿದರು ಅಂತ ಸೊಸೆ ಈಗಲೂ ಆಡಿಕೊಳ್ಳುತ್ತಾಳೆ. ಕುಣಿಯಲಿಲ್ಲ, ಕೆಸರಲ್ಲಿ ಕಾಲು ಜಾರಿತು ಅಷ್ಟೇ. ಸರಿ, ಒಂಚೂರು ಕುಣಿದೆ ಅಂತಲೇ ಇಟ್ಟುಕೊಳ್ಳಿ. ನನ್ನ ಮೊಮ್ಮಗಳು ಆ ದಂಡೆಯ ಮೇಲೆ ಟೋಪಿ ಹಾಕಿಕೊಂಡು ನಿಂತಿದ್ದಳು, ಊರವರೆಲ್ಲ ಅವಳನ್ನು ನೋಡುತ್ತಿದ್ದರು. ಕುಣಿಯದೆ ಇನ್ನೇನು ಮಾಡಲಿ?

ಯಾವ ಕಾಲದಲ್ಲೋ ಬಿಸಿಲಲ್ಲಿ ನಮ್ಮ ಊರುಗಳ ಮೇಲೆ ನಡೆದು, ಯಾರಿಗೂ ಬೇಡವಾದ ಕೊನೇ ಮಡೆಯವರೆಗೂ ಬಿಡದೆ ನೀಲಿ ಗೆರೆ ಎಳೆದವರು ಯಾರೋ ನನಗೆ ಗೊತ್ತಿಲ್ಲ. ನಮ್ಮಮ್ಮ ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಕೊಟ್ಟಿರುತ್ತಾಳೆ. ಅವಳು ಯಾರನ್ನೂ ಬರಿಬಾಯಲ್ಲಿ ಕಳಿಸಿದವಳಲ್ಲ.

ನಾಟಿ ಮುಗಿದಿದೆ. ಮೇಲಿನವರಿಗೂ ಕೆಳಗಿನವರಿಗೂ ಹಿಂದಿನಂತೆಯೇ ನೀರಿನ ಸರದಿ ಗೊತ್ತು ಮಾಡಿದ್ದಾರೆ. ಅದರ ಜೊತೆಗೆ ನಮ್ಮ ಅಪ್ಪಂದಿರ ಕಾಲದ ಜಗಳವೂ ವಾಪಸು ಬಂದಿದೆ. ಇವತ್ತು ಬೆಳಿಗ್ಗೆ ನಾನು ಇನ್ನೂ ಮುಖ ತೊಳೆದಿರಲಿಲ್ಲ, ಅಣ್ಣನ ಫೋನು.

"ಏನ್ ಕೂಸೇ, ಇನ್ನೂ ಮಡೆ ತೆಗ್ದೇ ಇಟ್ಕಂಡಿದ್ದೀಯಂತೆ? ನನ್ ಬಾಳೆ ಒಣಗ್ತಾವೆ ಇಲ್ಲಿ."

"ನಮ್ ಸರದಿ ಮುಗ್ದಿಲ್ಲ ಕಣಣ್ಣ."

"ಮುಗೀತು. ನೀರಗಂಟಿನ ಕೇಳು."

"ಕೇಳ್ದೆ. ಇನ್ನೂ ಐತೆ ಅಂದ. ನಾನ್ ಮುಚ್ಚಲ್ಲ."

ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು: "ಮುಚ್ಬ್ಯಾಡ ಕಣೇ! ಇವ್ರ ಬಾಳೆಗೆ ನೆನ್ನೆನೇ ನೀರಾಗೈತೆ!"

"ನೋಡು, ಮನೇಲೇ ಸಾಕ್ಷಿ ಐತೆ," ಅಂದೆ.

"ಅವ್ಳು ಯಾವತ್ತು ನನ್ ಕಡೆ ಮಾತಾಡವ್ಳೆ? ಇರು, ನಾಳಿಕ್ಕೆ ಇಬ್ರೂ ಬತ್ತೀವಿ. ಮಡೆ ಮುಂದ್ಲೇ ಕುಂತ್ಕಂಡು ನ್ಯಾಯ ತೀರ್ಮಾನ ಮಾಡಣ. ದೋಸೆ ಹುಯ್ದಿರು."

ಫೋನಿಟ್ಟು, ದೋಸೆಗೆ ಅಕ್ಕಿ ನೆನೆಹಾಕಿದೆ. ಇಬ್ಬರಿಗೆ ಅಂತ ಅಳೆದವಳು, ಅಣ್ಣ ತಿನ್ನುವುದು ನೆನಪಾಗಿ ಇನ್ನೊಂದು ಪಾವು ಹಾಕಿದೆ.